ನಕಲಿ ವಾಚು ಎಲ್ಲಿ ಸಿಕ್ಕಿಬೀಳುತ್ತದೆ

ಸೆಕೆಂಡಿನ ಮುಳ್ಳು ಟಕ್ ಟಕ್ ಎಂದು ಕುಪ್ಪಳಿಸಿದರೆ ನಕಲಿ, ನುಣ್ಣಗೆ ಜಾರಿದರೆ ಅಸಲಿ. ಕೈಯಲ್ಲಿ ಹಿಡಿದಾಗ ಭಾರವಾಗಿದ್ದರೆ ಅಸಲಿ, ಹಗುರವಾಗಿದ್ದರೆ ನಕಲಿ. ದುಬಾರಿ ವಾಚಿನ ಮಾತು ಬಂದಲ್ಲೆಲ್ಲ ಈ ಎರಡು ಸಲಹೆ ಪುಕ್ಕಟೆಯಾಗಿ ಸಿಗುತ್ತವೆ. ಇವತ್ತಿನ ಮಾರುಕಟ್ಟೆಯಲ್ಲಿ ಎರಡೂ ಕೆಲಸಕ್ಕೆ ಬಾರವು.

ಬ್ಯಾಟರಿ ವಾಚಿನ ಮುಳ್ಳು ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಹಾರುತ್ತದೆ. ಈಗಿನ ರೋಲೆಕ್ಸ್ ಯಂತ್ರ ಗಂಟೆಗೆ 28,800 ಸಲ, ಅಂದರೆ ಸೆಕೆಂಡಿಗೆ ಎಂಟು ಸಲ ಬಡಿಯುವುದರಿಂದ ಮುಳ್ಳು ಪುಟ್ಟ ಪುಟ್ಟ ಹೆಜ್ಜೆಯಿಟ್ಟು ಜಾರಿದಂತೆ ಕಾಣುತ್ತದೆ. ನಕಲಿ ವಾಚುಗಳೊಳಗೆ ಅಗ್ಗದ ಬ್ಯಾಟರಿ ಯಂತ್ರವೇ ಇರುತ್ತಿದ್ದ ಕಾಲಕ್ಕೆ ಈ ಪರೀಕ್ಷೆ ಸರಿಯಾಗಿತ್ತು. ಈಗ ಸ್ವಿಟ್ಜರ್ಲೆಂಡಿನ ಇಟಿಎ 2824 ಎಂಬ ಹೆಸರಾಂತ ಯಂತ್ರದ ಪ್ರತಿಗಳನ್ನು ಚೀನಾದ ಕಾರ್ಖಾನೆಗಳು ರಾಶಿಗಟ್ಟಲೆ ತಯಾರಿಸುತ್ತವೆ. ಅವೂ ಸೆಕೆಂಡಿಗೆ ಎಂಟು ಸಲವೇ ಬಡಿಯುತ್ತವೆ. ಇನ್ನೊಂದು ತಮಾಷೆಯೆಂದರೆ, 1977ರಿಂದ 2001ರವರೆಗೆ ರೋಲೆಕ್ಸ್ ಕಂಪನಿಯೇ ಆಯ್‌ಸ್ಟರ್‌ಕ್ವಾರ್ಟ್ಸ್ ಎಂಬ ಬ್ಯಾಟರಿ ವಾಚನ್ನು ಮಾಡಿತು. ಅದರ ಮುಳ್ಳು ಸೆಕೆಂಡಿಗೊಮ್ಮೆ ಟಕ್ಕೆಂದು ಹಾರುತ್ತದೆ, ಮತ್ತು ಅದು ಅಪ್ಪಟ ಅಸಲಿ. ಭಾರದ ಪರೀಕ್ಷೆಯಂತೂ ಇನ್ನೂ ಬಡವಾದುದು. ಉಕ್ಕು ಎಲ್ಲಿ ಬೇಕಾದರೂ ಸಿಗುತ್ತದೆ.

ಹೆಸರುವಾಸಿಯಾದ ಗುರುತುಗಳನ್ನು ನಾವು ಓದಿದ ಹಾಗೆ ನಕಲು ಮಾಡುವವನೂ ಓದಿರುತ್ತಾನೆ, ಮತ್ತು ಅವುಗಳನ್ನೇ ಮೊದಲು ಸರಿಪಡಿಸಿರುತ್ತಾನೆ. ಆದ್ದರಿಂದ ಅನುಭವಸ್ಥರು ಒಂದೇ ಒಂದು ಮಾಂತ್ರಿಕ ಗುರುತಿಗಾಗಿ ಹುಡುಕುವುದಿಲ್ಲ. ಡಯಲ್, ಮುಳ್ಳು, ಗಾಜು, ಕೇಸು (ವಾಚಿನ ಲೋಹದ ಕವಚ), ಯಂತ್ರ, ಕಾಗದಪತ್ರ ಇವನ್ನೆಲ್ಲ ಬೇರೆ ಬೇರೆ ಸಾಕ್ಷಿಗಳೆಂದು ಎಣಿಸಿ ಪಾಟೀಸವಾಲು ಮಾಡುತ್ತಾರೆ. ಒಬ್ಬೊಬ್ಬ ಸಾಕ್ಷಿಯೂ ಚೆನ್ನಾಗಿಯೇ ಸುಳ್ಳು ಹೇಳಬಲ್ಲ. ಎಲ್ಲರೂ ಒಂದೇ ಸುಳ್ಳನ್ನು ತಾಳೆ ತಪ್ಪದಂತೆ ಹೇಳುವುದು ಕಷ್ಟ.

ಮೊದಲು ನಕಲಿಯಲ್ಲಿನ ಜಾತಿಗಳನ್ನು ತಿಳಿದಿರಬೇಕು. ಮೆಜೆಸ್ಟಿಕ್ ಸುತ್ತಮುತ್ತಲ ಗಲ್ಲಿಗಳಲ್ಲೋ ದುಬೈನ ಕರಾಮಾದಲ್ಲೋ "ಫಸ್ಟ್ ಕಾಪಿ" ಎಂದು ಹೇಳಿಯೇ ಮಾರುವ ವಾಚು ಮೊದಲನೆಯದು. ಕಾನೂನಿನ ಕಣ್ಣಿಗೆ ಅದೂ ಅಪರಾಧವೇ, ಆದರೆ ಅಲ್ಲಿ ಕೊಳ್ಳುವವನಿಗೆ ಮೋಸವಿಲ್ಲ. ಏನು ಕೊಳ್ಳುತ್ತಿದ್ದೇನೆಂದು ಅವನಿಗೆ ಗೊತ್ತು. ಎರಡನೆಯದು "ಸೂಪರ್ ಕ್ಲೋನ್". ಯಂತ್ರದವರೆಗೆ ಎಲ್ಲವನ್ನೂ ಹೋಲಿಸಿ ಮಾಡಿ, ಅಸಲಿಯ ಬೆಲೆಗೋ ಅದಕ್ಕಿಂತ ತುಸು ಕಡಿಮೆಗೋ ಮಾರುವಂಥದ್ದು. ಮೂರನೆಯದನ್ನು ಸಂಗ್ರಾಹಕರು ಫ್ರಾಂಕನ್ ವಾಚು ಎನ್ನುತ್ತಾರೆ. ಅದರಲ್ಲಿ ಭಾಗಗಳು ಬಹುಪಾಲು ಅಸಲಿಯೇ, ಆದರೆ ಒಂದು ವಾಚಿನ ಕೇಸು, ಇನ್ನೊಂದರ ಯಂತ್ರ, ಮತ್ತೊಂದರ ಡಯಲ್ ಸೇರಿಸಿ ಕಟ್ಟಿದ್ದು. ನಾಲ್ಕನೆಯದು ಹಳೆಯ ಡಯಲನ್ನು ಕೆರೆದು ಹೊಸದಾಗಿ ಬಣ್ಣ ಬಳಿದು ಮುದ್ರಿಸಿದ ರೀಡಯಲ್. ಭಾರತದಲ್ಲಿ ಈ ಕೊನೆಯದರ ಹಾವಳಿ ಹೇಳತೀರದು.

ಪಾಟೀಸವಾಲು ಹೇಗೆ ನಡೆಯುತ್ತದೆಂದು ನೋಡಲು ರೋಲೆಕ್ಸ್‌ನ ಡೇಟೋನಾ ಒಳ್ಳೆಯ ಉದಾಹರಣೆ. ಅದು ಕ್ರೋನೊಗ್ರಾಫ್, ಅಂದರೆ ಸ್ಟಾಪ್‌ವಾಚ್ ಸೌಲಭ್ಯವಿರುವ ವಾಚು. ದೊಡ್ಡ ಡಯಲಿನೊಳಗೆ ಮೂರು ಪುಟ್ಟ ಡಯಲುಗಳಿವೆ. ಮಧ್ಯದ ಉದ್ದನೆಯ ಸೆಕೆಂಡ್ ಮುಳ್ಳು ಸ್ಟಾಪ್‌ವಾಚಿನದು. ಗುಂಡಿ ಒತ್ತುವ ತನಕ ಅದು 12ರ ಮೇಲೆ ಸುಮ್ಮನೆ ನಿಂತಿರಬೇಕು. ಅಗ್ಗದ ನಕಲಿಯಲ್ಲಿ ಈ ಮುಳ್ಳು ಸದಾ ಓಡುತ್ತಲೇ ಇರುತ್ತದೆ, ಪುಟ್ಟ ಡಯಲುಗಳು ವಾರವನ್ನೋ ತಾರೀಖನ್ನೋ 24 ಗಂಟೆಯ ಲೆಕ್ಕವನ್ನೋ ತೋರಿಸುತ್ತವೆ. ಡೇಟೋನಾದಲ್ಲಿ ವಾರವೂ ಇಲ್ಲ, ತಾರೀಖೂ ಇಲ್ಲ. ಇಷ್ಟು ಸುಲಭಕ್ಕೆ ಸಿಕ್ಕಿಬೀಳದ ನಕಲಿಯಾದರೆ ಮುಂದಿನ ಪ್ರಶ್ನೆ: ಸದಾ ಓಡುವ ಸಣ್ಣ ಸೆಕೆಂಡ್ ಮುಳ್ಳು ಎಲ್ಲಿದೆ? 1988ರಿಂದ 2000ದವರೆಗಿನ ಡೇಟೋನಾದೊಳಗೆ ಇದ್ದದ್ದು ಜೆನಿತ್ ಕಂಪನಿಯ ಎಲ್ ಪ್ರಿಮೆರೊವನ್ನು ಮಾರ್ಪಡಿಸಿದ ಯಂತ್ರ. ಅದರಲ್ಲಿ ಓಡುವ ಸೆಕೆಂಡು 9ರ ಕಡೆಗಿರುತ್ತದೆ. 2000ದಲ್ಲಿ ರೋಲೆಕ್ಸ್ ತನ್ನದೇ 4130 ಯಂತ್ರವನ್ನು ತಂದಿತು. ಅಲ್ಲಿಂದಾಚೆಗೆ ಓಡುವ ಸೆಕೆಂಡು 6ರ ಕಡೆಗೆ ಬಂತು. ಮಾರುವವರು "1995ರದ್ದು, ಮಾದರಿ 16520" ಎಂದು ಹೇಳಿ ತೋರಿಸುವ ವಾಚಿನಲ್ಲಿ 6ರ ಬಳಿಯ ಮುಳ್ಳು ಓಡುತ್ತಿದ್ದರೆ ಮುಂದೆ ಮಾತಾಡುವ ಅಗತ್ಯವೇ ಇಲ್ಲ. ಇದಕ್ಕೆ ಭೂತಗನ್ನಡಿ ಬೇಡ, ಯಂತ್ರ ಬಿಚ್ಚುವುದೂ ಬೇಡ. ವರ್ಷ ಮತ್ತು ಮುಳ್ಳು ಇವೆರಡರ ಹೇಳಿಕೆ ತಾಳೆಯಾಗುತ್ತದೆಯೇ ಎಂದು ನೋಡಿದರೆ ಸಾಕು.

ಕತ್ತಲೆಯಲ್ಲಿ ಹೊಳೆಯುವ ಬಣ್ಣವೂ ಹೀಗೆಯೇ ವಯಸ್ಸು ಹೇಳುತ್ತದೆ. 1960ರ ದಶಕದಿಂದ 1990ರ ದಶಕದ ಕೊನೆಯವರೆಗೆ ಸ್ವಿಸ್ ವಾಚುಗಳ ಮುಳ್ಳು ಮತ್ತು ಅಂಕಿಗಳಿಗೆ ಹಚ್ಚುತ್ತಿದ್ದುದು ಟ್ರಿಟಿಯಂ ಬೆರೆತ ಬಣ್ಣ. ಡಯಲಿನ ಕೆಳಗಡೆ 6ರ ಎರಡೂ ಪಕ್ಕ ಸ್ವಿಸ್ ಎಂಬ ಪದದ ಜೊತೆ ಟಿ ಅಕ್ಷರ ಕಾಣುವುದು ಅದಕ್ಕೇ. ಟ್ರಿಟಿಯಂ ವಿಕಿರಣಶೀಲ ವಸ್ತು. ಸುಮಾರು 12.3 ವರ್ಷಕ್ಕೊಮ್ಮೆ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. 1985ರ ವಾಚಿನಲ್ಲಿ ಇವತ್ತು ಉಳಿದಿರುವುದು ಮೂಲದ ಹತ್ತರಲ್ಲೊಂದು ಪಾಲು ಮಾತ್ರ. ಬಣ್ಣವೂ ಬಿಳಿಯಿಂದ ಕೆನೆಗೋ ಜೇನಿನ ಕಂದಿಗೋ ತಿರುಗಿರುತ್ತದೆ. ಹಾಗಿರುವಾಗ ಡಯಲಿನಲ್ಲಿ ಟಿ ಅಕ್ಷರವಿದ್ದೂ ಕತ್ತಲೆ ಕೋಣೆಯಲ್ಲಿ ಗಂಟೆಗಟ್ಟಲೆ ಹಸಿರಾಗಿ ಬೆಳಗುವ ವಾಚು ಸಿಕ್ಕಿತೆಂದರೆ ಒಂದೋ ಡಯಲ್ ನಕಲಿ, ಇಲ್ಲವೇ ಬಣ್ಣವನ್ನು ಇತ್ತೀಚೆಗೆ ಬಳಿದಿದ್ದಾರೆ. ಮುಳ್ಳುಗಳ ಬಣ್ಣ ಹಾಲಿನಂತೆ ಬೆಳ್ಳಗಿದ್ದು ಅಂಕಿಗಳ ಬಣ್ಣ ಮಾಸಿದ್ದರೆ ಮುಳ್ಳು ಬದಲಾಗಿದೆ ಎಂದರ್ಥ. 1998ರ ಹೊತ್ತಿಗೆ ವಿಕಿರಣವಿಲ್ಲದ ಲ್ಯೂಮಿನೋವಾ ಬಂತು, 2008ರಿಂದ ರೋಲೆಕ್ಸ್‌ನಲ್ಲಿ ನೀಲಿಯಾಗಿ ಬೆಳಗುವ ಕ್ರೋಮಲೈಟ್ ಬಂತು. ಹಳೆಯ ವಾಚು ನೋಡಲು ಹೋಗುವಾಗ ಕಿಸೆಯಲ್ಲಿ ಒಂದು ಸಣ್ಣ ಟಾರ್ಚು ಇರಲಿ.

ಇಲ್ಲೊಂದು ಎಚ್ಚರಿಕೆ ಬೇಕು. ತಾಳೆಯಾಗದ್ದೆಲ್ಲ ನಕಲಿಯಲ್ಲ. ಸರ್ವಿಸ್ ಮಾಡುವಾಗ ಕಂಪನಿಯೇ ಗಾಜು, ಮುಳ್ಳು, ಕೆಲವೊಮ್ಮೆ ಡಯಲನ್ನು ಕೂಡ ಬದಲಿಸುತ್ತದೆ. ಆದ್ದರಿಂದ ಯಾವ ಭಾಗ ಬದಲಾಗಬಲ್ಲದು, ಯಾವುದು ಬದಲಾಗದು ಎಂಬ ವಿವೇಕ ಬೇಕು. ರೋಲೆಕ್ಸ್‌ನ ಗಾಜಿನ ಮೇಲೆ 6ರ ಬಳಿ ಲೇಸರಿನಿಂದ ಕೊರೆದ ಅತಿ ಚಿಕ್ಕ ಕಿರೀಟ, ಅಂದರೆ ಕಂಪನಿಯ ಲಾಂಛನ, ಇರುತ್ತದೆ. ಅದು ಬಂದದ್ದು 2000ದ ದಶಕದ ಆರಂಭದಲ್ಲಿ. 1995ರ ವಾಚಿನ ಗಾಜಿನಲ್ಲಿ ಆ ಕಿರೀಟ ಕಂಡರೆ ಗಾಜು ಬದಲಾಗಿರಬಹುದು. ಸರ್ವಿಸ್ ಬಿಲ್ಲು ಕೇಳಿ, ತೋರಿಸಿದರೆ ತಕರಾರಿಲ್ಲ. ಆದರೆ ಗಾಜಿನ ಕೆಳಗೆ ಡಯಲಿನ ಸುತ್ತ ಇರುವ ಉಕ್ಕಿನ ಒಳದಂಡೆಯಲ್ಲಿ ರೋಲೆಕ್ಸ್ ಎಂಬ ಹೆಸರನ್ನು ಸಾಲಾಗಿ ಕೆತ್ತುವ ಪದ್ಧತಿ ಶುರುವಾದದ್ದು 2000ದ ದಶಕದ ನಡುಭಾಗದಲ್ಲಿ. ಆ ದಂಡೆ ಕೇಸಿನದೇ ಅಂಗ, ಬಿಡಿಯಾಗಿ ಬದಲಿಸಲು ಬರುವುದಿಲ್ಲ. 1995ರದೆನ್ನುವ ವಾಚಿನಲ್ಲಿ ಆ ಕೆತ್ತನೆಯಿದ್ದರೆ ಯಾವ ಬಿಲ್ಲೂ ಅದನ್ನು ಕಾಪಾಡದು.

ಗಾಜಿನ ಆ ಕಿರೀಟದ ವಿಷಯದಲ್ಲಿ ಜನ ತಪ್ಪುವುದು ಇನ್ನೊಂದು ಕಡೆ. ಅಂಗಡಿಯವನು "ನೋಡಿ, ಕಿರೀಟ ಇದೆ" ಎಂದು ಬೆರಳು ಮಾಡಿ ತೋರಿಸಿ ನಂಬಿಸುತ್ತಾನೆ. ಅಸಲಿಯಲ್ಲಿ ಅದು ಚುಕ್ಕೆಚುಕ್ಕೆಯಾಗಿ, ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ಹುಡುಕಿದರೂ ಕೆಲವೊಮ್ಮೆ ತಪ್ಪಿಸಿಕೊಳ್ಳುವಷ್ಟು ಸೂಕ್ಷ್ಮ. ಬರಿಗಣ್ಣಿಗೆ ಥಟ್ಟನೆ ಕಂಡರೆ ಅದೇ ಅನುಮಾನಕ್ಕೆ ಕಾರಣ. ತಾರೀಖಿನ ಮೇಲಿನ ಮಸೂರವೂ ಅಷ್ಟೆ. ಅಸಲಿಯಲ್ಲಿ ಅದು ಅಂಕಿಯನ್ನು ಎರಡೂವರೆ ಪಟ್ಟು ಹಿಗ್ಗಿಸುತ್ತದೆ, ಅಂಕಿ ಮಸೂರದ ತುಂಬ ಕಾಣುತ್ತದೆ. ಅಗ್ಗದ ನಕಲಿಯಲ್ಲಿ ಅಂಕಿ ಸಣ್ಣದಾಗಿ ನಡುವೆ ಕುಳಿತಿರುತ್ತದೆ. ಒಳ್ಳೆಯ ನಕಲಿಗಳು ಇದನ್ನು ಎಂದೋ ಸರಿಪಡಿಸಿಕೊಂಡಿವೆ. ರೋಲೆಕ್ಸ್‌ನ ಸಬ್‌ಮರೀನರ್ ವಾಚಿನ ಕೀಲಿತಲೆಯ (ಕೀಲಿ ಕೊಡಲು ತಿರುಗಿಸುವ ಗುಂಡಿಯ) ಮೇಲೆ ಕಿರೀಟದ ಕೆಳಗೆ ಮೂರು ಚುಕ್ಕೆಗಳಿರಬೇಕು, ಕೇಸಿನ ಪಕ್ಕದಲ್ಲಿ ಒಳಸೇರಿದ ಅನಿಲ ಹೊರಬಿಡುವ ಹೀಲಿಯಂ ಕವಾಟ ಇರಬಾರದು, ಆ ಕವಾಟ ರೋಲೆಕ್ಸ್‌ನದೇ ಬೇರೆ ಮಾದರಿಯಾದ ಸೀ ಡ್ವೆಲರ್‌ನದು. ಇಂಥವನ್ನು ನೋಡುವುದರಿಂದ ಕಳಪೆ ನಕಲಿಗಳು ಜರಡಿಯಲ್ಲಿ ಉಳಿದುಹೋಗುತ್ತವೆ. ಅದಕ್ಕಿಂತ ಹೆಚ್ಚಿನದನ್ನು ಅವುಗಳಿಂದ ನಿರೀಕ್ಷಿಸಬಾರದು.

ಕ್ರಮಸಂಖ್ಯೆಯನ್ನು ಜನ ಅತಿಯಾಗಿ ನಂಬುತ್ತಾರೆ. ರೋಲೆಕ್ಸ್ 1987ರಲ್ಲಿ ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆಗಳನ್ನು ತಂದಿತು, ಒಂದೊಂದು ಅಕ್ಷರಕ್ಕೆ ಸರಿಸುಮಾರು ಒಂದೊಂದು ಕಾಲ. 2010ರ ಸುಮಾರಿನಿಂದ ಯಾವ ಕ್ರಮವೂ ಇಲ್ಲದ ಸಂಖ್ಯೆಗಳು. ಹಾಗಾಗಿ ಹಳೆಯ ವಾಚಿನಲ್ಲಿ ಸಂಖ್ಯೆಯಿಂದ ವರ್ಷ ಊಹಿಸಬಹುದು, ಹೊಸದರಲ್ಲಿ ಆಗದು. ಆದರೆ ನಕಲಿ ಮಾಡುವವರು ಅಸಲಿ ವಾಚೊಂದರ ಸಂಖ್ಯೆಯನ್ನೇ ಎತ್ತಿಕೊಂಡು ನೂರಾರು ವಾಚುಗಳ ಮೇಲೆ ಕೊರೆಯುತ್ತಾರೆ. ಸಂಖ್ಯೆ ಸರಿಯಿದೆ ಎನ್ನುವುದು ವಾಚು ಸರಿಯಿದೆ ಎನ್ನುವುದಕ್ಕೆ ಸಮನಲ್ಲ. ಸಂಖ್ಯೆಗಿಂತ ಅದನ್ನು ಕೊರೆದ ರೀತಿಯನ್ನು ನೋಡಿ. ಹಳೆಯ ಮಾದರಿಗಳಲ್ಲಿ ಅದು ಪಟ್ಟಿ ಸೇರುವ ಕೊಂಬುಗಳ ನಡುವೆ, ಚೈನು ಕಳಚಿದರೆ ಮಾತ್ರ ಕಾಣುವ ಜಾಗದಲ್ಲಿರುತ್ತದೆ. ಅಸಲಿಯಲ್ಲಿ ಗೆರೆಗಳು ಆಳವಾಗಿ, ಅಂಚು ಚೂಪಾಗಿ, ಓರೆ ಬೆಳಕಿಗೆ ಮಿನುಗುತ್ತವೆ. ಆಮ್ಲದಿಂದ ಕೊರೆದ ನಕಲಿಯಲ್ಲಿ ಗೆರೆಯೊಳಗೆ ಮರಳು ಎರಚಿದಂತೆ ಒರಟು. ಚೈನು ಕಳಚಲು ಒಪ್ಪದ ಮಾರಾಟಗಾರನ ಹತ್ತಿರ ವ್ಯಾಪಾರ ಬೇಡ.

ಚಿನ್ನದ ವಾಚಾದರೆ ನಮ್ಮ ಊರುಗಳಲ್ಲಿ ಒಂದು ಅನುಕೂಲವಿದೆ. ಒಡವೆ ಅಂಗಡಿಗಳಲ್ಲಿ ಎಕ್ಸ್ ಕಿರಣದಿಂದ ಶುದ್ಧತೆ ಅಳೆಯುವ ಕ್ಯಾರೆಟ್ ಮೀಟರ್ ಸಾಮಾನ್ಯ. ವಾಚಿಗೆ ಗೀರು ಬೀಳದಂತೆ ನಿಮಿಷಗಳಲ್ಲಿ ಉತ್ತರ ಸಿಗುತ್ತದೆ. ಗಟ್ಟಿ ಲೇಪನವಿದ್ದರೆ ಯಂತ್ರವೂ ಮೋಸಹೋಗಬಹುದಾದ್ದರಿಂದ ಒಂದೆರಡು ಜಾಗದಲ್ಲಿ ಅಳೆಸಿ. 18 ಕ್ಯಾರೆಟ್ ಎಂದರೆ ಸಾವಿರಕ್ಕೆ 750 ಪಾಲು ಚಿನ್ನ. 1995ರಿಂದೀಚಿನ ಸ್ವಿಸ್ ಸರ್ಕಾರಿ ಮುದ್ರೆ ಸೇಂಟ್ ಬರ್ನಾರ್ಡ್ ನಾಯಿಯ ತಲೆ. ಅದಕ್ಕೂ ಮುಂಚಿನ 18 ಕ್ಯಾರೆಟ್ ವಾಚಿನಲ್ಲಿ ಹೆಲ್ವೇಷಿಯಾ ಎಂಬ ಸ್ತ್ರೀಯ ಮುಖವಿರುತ್ತದೆ. 1980ರ ವಾಚಿನಲ್ಲಿ ನಾಯಿ ಕಂಡರೆ ಯಾಕೆಂದು ಕೇಳಿ.

ಇಷ್ಟೆಲ್ಲ ದಾಟಿ ಬಂದ ವಾಚಿಗೆ ಉಳಿಯುವುದು ಬೆನ್ನಿನ ಮುಚ್ಚಳ ತೆಗೆಯುವ ಪರೀಕ್ಷೆ. ಲಕ್ಷಗಳ ವ್ಯವಹಾರದಲ್ಲಿ ಇದನ್ನು ಬಿಟ್ಟುಕೊಡಬಾರದೆಂಬುದು ನನ್ನ ಹಟ. 1988ರಿಂದ ಮೂರು ದಶಕ ರೋಲೆಕ್ಸ್ ಬಳಸಿದ 3135 ಯಂತ್ರವನ್ನೇ ತೆಗೆದುಕೊಳ್ಳಿ. ಅತ್ತಿಂದಿತ್ತ ಓಲಾಡುವ ಬ್ಯಾಲೆನ್ಸ್ ಚಕ್ರವನ್ನು ಮೇಲಿನಿಂದ ಹಿಡಿದಿರುವ ಲೋಹದ ಪಟ್ಟಿ ಅದರಲ್ಲಿ ಸೇತುವೆಯಂತೆ ಎರಡೂ ಬದಿಯಲ್ಲಿ ಊರಿ ನಿಂತಿದೆ. ಇಟಿಎ ಮಾದರಿಯ ಯಂತ್ರದಲ್ಲಿ ಅದು ಒಂದೇ ಬದಿಗೆ ತಿರುಪು ಹಾಕಿದ ತೋಳು. ಇಟಿಎಯಲ್ಲಿ ಸಮಯದ ಓಟವನ್ನು ಹೆಚ್ಚುಕಡಿಮೆ ಮಾಡುವ ಒಂದು ಸಣ್ಣ ಕಡ್ಡಿ ಹೇರ್‌ಸ್ಪ್ರಿಂಗಿನ, ಅಂದರೆ ಆ ಚಕ್ರವನ್ನು ಓಲಾಡಿಸುವ ಎಳೆಯಂಥ ಸ್ಪ್ರಿಂಗಿನ, ಪಕ್ಕ ಇರುತ್ತದೆ. 3135ರಲ್ಲಿ ಆ ಕಡ್ಡಿಯೇ ಇಲ್ಲ, ಚಕ್ರದ ಒಳಸುತ್ತಿನಲ್ಲಿ ಕೂರಿಸಿದ ಮೈಕ್ರೋಸ್ಟೆಲ್ಲಾ ಎಂಬ ಪುಟ್ಟ ಚಿನ್ನದ ನಟ್ಟುಗಳನ್ನು ತಿರುಗಿಸಿ ಓಟ ಹೊಂದಿಸುತ್ತಾರೆ. ಈ ಎರಡು ವ್ಯತ್ಯಾಸ ಗೊತ್ತಿದ್ದರೆ ಗಡಿಯಾರದ ಕಸುಬು ಬಾರದವರೂ ಛಾಯಾಚಿತ್ರ ಮುಂದಿಟ್ಟುಕೊಂಡು ಸುಮಾರು ನಕಲಿಗಳನ್ನು ಹಿಡಿಯಬಹುದು. 3135ನ್ನೇ ಹೋಲುವ ಕ್ಲೋನ್ ಯಂತ್ರಗಳೂ ಬಂದಿವೆಯೆಂಬುದು ನಿಜ. ಅಲ್ಲಿ ಭಾಗಗಳ ಆಕಾರ ಸರಿಯಿದ್ದರೂ ಅಂಚುಗಳ ನಯ, ತಿರುಪಿನ ತಲೆಯ ಪಾಲಿಷು, ಕೆತ್ತಿದ ಅಕ್ಷರಗಳ ಅಳತೆ ಸೋಲುತ್ತವೆ. ಅದು ಆ ಯಂತ್ರವನ್ನು ಬಿಚ್ಚಿ ಜೋಡಿಸಿ ಅಭ್ಯಾಸವಿರುವ ಕಣ್ಣಿಗೆ ಬಿಟ್ಟ ಕೆಲಸ. ಮುಚ್ಚಳ ತೆಗೆದರೆ ನೀರು ತಡೆಯುವ ರಬ್ಬರ್ ಬಳೆ ಸರಿಯಾಗಿ ಕೂರಬೇಕು, ಒತ್ತಡದ ಪರೀಕ್ಷೆ ಮತ್ತೆ ಮಾಡಿಸಬೇಕು. ಆ ಖರ್ಚನ್ನು ನೀವೇ ಕೊಡುತ್ತೇನೆಂದು ಹೇಳಿದರೆ ಮಾರುವವರ ನೆಪಗಳು ಅರ್ಧ ಕರಗುತ್ತವೆ.

ಪೆಟ್ಟಿಗೆ, ಕಾರ್ಡು, ಪುಸ್ತಿಕೆ ಇರುವ ವಾಚಿಗೆ ಬೆಲೆ ಹೆಚ್ಚು. ಹಾಗಾಗಿ ಅವನ್ನೂ ನಕಲು ಮಾಡುತ್ತಾರೆ, ಅಸಲಿ ಪೆಟ್ಟಿಗೆಗಳನ್ನು ಬಿಡಿಯಾಗಿ ಮಾರುವುದೂ ಉಂಟು. ಪಟೆಕ್ ಫಿಲಿಪ್ ಕಂಪನಿ ತನ್ನ ಹಳೆಯ ದಫ್ತರಗಳಿಂದ ವಾಚಿನ ವಿವರದ ಪತ್ರ ಕೊಡುತ್ತಾ ಬಂದಿದೆ. ಇಂಥ ಸಂಖ್ಯೆಯ ವಾಚು ಇಂಥ ದಿನ ತಯಾರಾಗಿ ಮಾರಾಟವಾಯಿತು ಎಂದಷ್ಟೇ ಅದು ಹೇಳುತ್ತದೆ, ನಿಮ್ಮ ಕೈಲಿರುವುದು ಅದೇ ವಾಚು ಎಂದಲ್ಲ. ಭಾರತದಲ್ಲಿ ನನಗೆ ಕಾರ್ಡಿಗಿಂತ ನಂಬಿಕೆ ಜಿಎಸ್‌ಟಿ ಬಿಲ್ಲಿನ ಮೇಲೆ. ಎರಡು ಲಕ್ಷ ರೂಪಾಯಿ ದಾಟಿದ ಖರೀದಿಗೆ ಪ್ಯಾನ್ ಸಂಖ್ಯೆ ಬೇಕು, ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ. 2025ರ ಏಪ್ರಿಲ್ 22ರಿಂದ ಜಾರಿಗೆ ಬಂದ ನಿಯಮದಂತೆ ಹತ್ತು ಲಕ್ಷ ಮೀರಿದ ಕೈಗಡಿಯಾರಕ್ಕೆ ಅಂಗಡಿಯವರು ಶೇ 1ರಷ್ಟು ತೆರಿಗೆಯನ್ನು ಮೂಲದಲ್ಲೇ ಸಂಗ್ರಹಿಸಬೇಕು. ಇವೆಲ್ಲ ತೆರಿಗೆ ಇಲಾಖೆಯ ಲೆಕ್ಕದಲ್ಲಿ ಗುರುತು ಬಿಡುತ್ತವೆ. ಪ್ಲಾಸ್ಟಿಕ್ ಕಾರ್ಡು ಮುದ್ರಿಸುವುದು ಸುಲಭ, ಬ್ಯಾಂಕ್ ಖಾತೆಯಲ್ಲಿನ ಹಳೆಯ ಪಾವತಿಯನ್ನು ಹುಟ್ಟಿಸುವುದು ಕಷ್ಟ. "ದುಬೈನಿಂದ ಭಾವ ತಂದದ್ದು, ಬಿಲ್ಲು ಕಳೆದಿದೆ, ನಗದು ಕೊಟ್ಟರೆ ಕಡಿಮೆ ಮಾಡುತ್ತೇನೆ" ಎಂಬ ಮೂರು ಮಾತು ಒಟ್ಟಿಗೆ ಬಂದರೆ ವಾಚನ್ನು ನೋಡುವ ಮೊದಲೇ ಎದ್ದು ಬರಬಹುದು.

ಇಷ್ಟು ಜಾಗರೂಕತೆ ಅತಿಯಾಯಿತು ಅನ್ನಿಸಿದರೆ ಒಮೆಗಾ ಕಂಪನಿಗೆ ಆದದ್ದನ್ನು ಕೇಳಿ. 2021ರ ನವೆಂಬರ್‌ನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ 1957ರ ಒಮೆಗಾ ಸ್ಪೀಡ್‌ಮಾಸ್ಟರ್, ಮಾದರಿ 2915-1, 31 ಲಕ್ಷ ಸ್ವಿಸ್ ಫ್ರಾಂಕ್‌ಗಿಂತ ಹೆಚ್ಚಿಗೆ ಹೋಯಿತು. ಹರಾಜಿನವರ ಅಂದಾಜು ಇದ್ದದ್ದು ಅದರ ಒಂದು ಸಣ್ಣ ಪಾಲು. ಕೊಂಡದ್ದು ಒಮೆಗಾದ ಸ್ವಂತ ಮ್ಯೂಸಿಯಂ. 2023ರಲ್ಲಿ ಕಂಪನಿಯೇ ಹೇಳಿಕೆ ಕೊಟ್ಟಿತು: ವಾಚು ಬಹುಪಾಲು ಅಸಲಿ ಭಾಗಗಳನ್ನು ಸೇರಿಸಿ ಕಟ್ಟಿದ್ದು, ತನ್ನದೇ ಮೂವರು ಮಾಜಿ ನೌಕರರ ಕೈವಾಡ ಅದರಲ್ಲಿದೆ. ತಯಾರಿಸಿದ ಕಂಪನಿಯ ಮ್ಯೂಸಿಯಮ್ಮೇ ಫ್ರಾಂಕನ್ ವಾಚಿಗೆ ಕೋಟಿಗಟ್ಟಲೆ ಸುರಿದ ಪ್ರಸಂಗವಿದು. ಅಲ್ಲಿ ಒಂದೊಂದು ಭಾಗವೂ ಪರೀಕ್ಷೆಯಲ್ಲಿ ಪಾಸಾಗುವಂಥದ್ದೇ. ಸುಳ್ಳಾಗಿದ್ದುದು ಅವೆಲ್ಲ ಹುಟ್ಟಿನಿಂದ ಒಟ್ಟಿಗಿದ್ದವು ಎಂಬ ಕಥೆ.

ನಮ್ಮ ಕಡೆ ಇದೇ ವಿದ್ಯೆ ಐಷಾರಾಮಿಯಲ್ಲದ ವಾಚಿನ ಮೇಲೆ ಪ್ರಯೋಗವಾಗುತ್ತಿದೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚು ಮಾಡತೊಡಗಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದ ಮೇಲೆ ಜನತಾ, ಪೈಲಟ್‌ಗಳಿಗೆ ಸಂಗ್ರಾಹಕರ ಬೇಡಿಕೆ ಏರಿತು. ಅದರ ಬೆನ್ನಿಗೇ ಎಚ್‌ಎಂಟಿ ಕನಸಿನಲ್ಲೂ ಮಾಡಿರದ ಕಿತ್ತಳೆ, ಗಿಳಿಹಸಿರು, ನೇರಳೆ ಬಣ್ಣದ ಡಯಲುಗಳು ಆನ್‌ಲೈನ್‌ನಲ್ಲಿ ರಾಶಿ ಬಿದ್ದವು. ಫಾವ್ರೆ ಲ್ಯೂಬಾ, ವೆಸ್ಟ್ ಎಂಡ್, ಸೀಕೊ 5 ವಾಚುಗಳಿಗೂ ಇದೇ ಗತಿ. ವಿದೇಶಿ ಸಂಗ್ರಾಹಕರು ಇವಕ್ಕೆ "ಮುಂಬೈ ಸ್ಪೆಷಲ್" ಎಂದೇ ಹೆಸರಿಟ್ಟಿದ್ದಾರೆ. ಭೂತಗನ್ನಡಿಯಲ್ಲಿ ನೋಡಿದರೆ ಅಕ್ಷರದ ಅಂಚು ಹರಡಿರುತ್ತದೆ, ನಿಮಿಷದ ಗೀಟುಗಳು ಅಂಕಿಗಳಿಗೆ ಸರಿಯಾಗಿ ಕೂರುವುದಿಲ್ಲ, ಮುಳ್ಳು ತೂರುವ ತೂತಿನ ಅಂಚಿಗೆ ಬಣ್ಣ ಮೆತ್ತಿರುತ್ತದೆ. ನಲವತ್ತು ವರ್ಷದ ವಾಚಿನ ಡಯಲು ನಿನ್ನೆ ಬಳಿದಂತೆ ಫಳಫಳಿಸುವುದಂತೂ ದೊಡ್ಡ ಸುಳಿವು. ಜನತಾ, ಪೈಲಟ್ ಕೀಲಿ ಕೊಡುವ ವಾಚುಗಳು, ಸೆಕೆಂಡಿಗೆ ಐದೇ ಬಡಿತ. ಇಲ್ಲಿ ಮುಳ್ಳು ರೋಲೆಕ್ಸ್‌ನಂತೆ ಜಾರಿದರೆ ಒಳಗೆ ಬೇರೆ ಯಂತ್ರ ಕೂತಿದೆ. ಹೊಳಪಿಗೆ ಮರುಳಾಗದೆ ಮಾಸಿದ, ಕಲೆ ಹತ್ತಿದ, ಆದರೆ ಯಾರೂ ಕೈಯಾಡಿಸದ ಡಯಲನ್ನು ಆರಿಸಿಕೊಳ್ಳುವವನೇ ಈ ಕ್ಷೇತ್ರದಲ್ಲಿ ಜಾಣ.

ಇಷ್ಟೆಲ್ಲ ಪರೀಕ್ಷಿಸುವ ತಾಳ್ಮೆಯಿಲ್ಲದವರಿಗೆ ದಾರಿ ಒಂದೇ, ಅಧಿಕೃತ ಮಾರಾಟಗಾರರು. ರೋಲೆಕ್ಸ್ 2022ರ ಕೊನೆಯಲ್ಲಿ ಹಳೆಯ ವಾಚುಗಳಿಗೂ ತಾನೇ ಪರೀಕ್ಷಿಸಿ ಎರಡು ವರ್ಷದ ಖಾತರಿ ಕೊಡುವ ವ್ಯವಸ್ಥೆ ಆರಂಭಿಸಿತು. ಅಲ್ಲಿ ಬೆಲೆ ಹೆಚ್ಚು, ಆ ಹೆಚ್ಚಳ ನಿಶ್ಚಿಂತೆಗೆ ಕೊಡುವ ಶುಲ್ಕ. ಖಾಸಗಿಯಾಗಿ ಕೊಳ್ಳುವುದೇ ಆದರೆ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ವಾಚು ಪಾಸಾದ ಮೇಲಷ್ಟೇ ಪೂರ್ತಿ ಹಣ ಎಂಬ ಷರತ್ತನ್ನು ಬರಹದಲ್ಲಿ ಹಾಕಿಸಿ. ನಕಲಿ ಭಾಗಗಳಿರುವ ವಾಚನ್ನು ಆ ಕೇಂದ್ರಗಳು ರಿಪೇರಿಗೆ ತೆಗೆದುಕೊಳ್ಳುವುದಿಲ್ಲ.

ಕೊಂಡ ಮೇಲೆ ಮೋಸ ಗೊತ್ತಾದರೆ, ಮಾರಿದ್ದು ಅಂಗಡಿಯಾಗಿದ್ದಲ್ಲಿ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು. 50 ಲಕ್ಷ ರೂಪಾಯಿ ಬೆಲೆಯವರೆಗೆ ಜಿಲ್ಲಾ ಆಯೋಗವೇ ಸಾಕು. ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿ ಮಾರಿದ್ದರೆ ಆ ದಾರಿ ಇಲ್ಲ, ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ವಂಚನೆಯ ದೂರನ್ನು ಪೊಲೀಸರಿಗೆ ಕೊಡಬೇಕಾಗುತ್ತದೆ. ಜಾಹೀರಾತಿನ ಚಿತ್ರ, ವಾಟ್ಸ್‌ಆಪ್ ಮಾತುಕತೆ, ಪಾವತಿಯ ದಾಖಲೆ, ಸರ್ವಿಸ್ ಕೇಂದ್ರದ ಲಿಖಿತ ಅಭಿಪ್ರಾಯ ಇವು ಆಗ ಕೆಲಸಕ್ಕೆ ಬರುತ್ತವೆ. ಹೋದ ಹಣ ಹಿಂದಕ್ಕೆ ಪಡೆಯಲು ಅದೇ ವಾಚನ್ನು ಬಾಯಿಮುಚ್ಚಿಕೊಂಡು ಮತ್ತೊಬ್ಬರಿಗೆ ದಾಟಿಸುವವರಿದ್ದಾರೆ. ನಕಲಿ ಟ್ರೇಡ್‌ಮಾರ್ಕಿನ ಸರಕು ಮಾರುವುದಕ್ಕೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 104ನೇ ಕಲಮು ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ ಎರಡು ಲಕ್ಷದವರೆಗೆ ದಂಡ ವಿಧಿಸುತ್ತದೆ. ನಕಲಿಯೆಂದು ತಿಳಿದ ಮೇಲೆ ಮಾರಿದವನಿಗೆ, ತಾನೂ ಮೊದಲು ಮೋಸಹೋದವನೇ ಎಂಬ ವಾದ ರಕ್ಷಣೆ ಕೊಡುವುದಿಲ್ಲ.